ನೋವು ಸುದ್ದಿ ತರದ ಮೈ

ಕಲಬುರಗಿ, ಬೀದರ್, ಯಾದಗಿರಿ ಕಡೆ ಬೆನ್ನುಹುರಿಗೆ ಪೆಟ್ಟು ಬೀಳುವ ದಾರಿಗಳು ಎಲ್ಲರಿಗೂ ಗೊತ್ತಿರುವವೇ. ಹುಣಸೆಹಣ್ಣು ಬಡಿಯಲು ಹತ್ತಿದ ಮರ, ತಡೆಗೋಡೆ ಇಲ್ಲದ ಮಾಳಿಗೆ, ಬದುವಿನ ಮೇಲೆ ಮಗುಚಿದ ಟ್ರ್ಯಾಕ್ಟರ್, ಹೆದ್ದಾರಿಯ ಬೈಕು, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿ. ಮುರಿದ ಮೂಳೆಗೆ ರಾಡು, ಸ್ಕ್ರೂ ಬೀಳುತ್ತವೆ, ಹೊಲಿಗೆ ಬಿಚ್ಚುತ್ತಾರೆ. ದವಾಖಾನೆಯಿಂದ ಹೊರಡುವಾಗ ಮನೆಮಂದಿ ಕೇಳುವ ಪ್ರಶ್ನೆ ಒಂದೇ: 'ಯಾವಾಗ ನಡೀತಾನ್ರಿ?' ಕೇಳಬೇಕಾದದ್ದು ಬೇರೆ. 'ಉಚ್ಚಿ ಹ್ಯಾಂಗ ತೆಗೀಬೇಕು? ಕುಂಡಿ ಹ್ಯಾಂಗ ಕಾಯಬೇಕು?' ಇದನ್ನು ಕೇಳಲು ಇವರಿಗೆ ನಾಚಿಕೆ, ಹೇಳಲು ಡಾಕ್ಟರಿಗೆ ಪುರುಸೊತ್ತಿಲ್ಲ. ಮುಂದಿನ ಮೂವತ್ತು ವರ್ಷದ ಆಯುಷ್ಯ ನಿಂತಿರುವುದು ಮಾತ್ರ ಹೆಚ್ಚಾಗಿ ಈ ಎರಡರ ಮೇಲೆಯೇ.

ಎರಡನೇ ಮಹಾಯುದ್ಧಕ್ಕೂ ಮುಂಚೆ ಬೆನ್ನುಹುರಿ ಕಡಿದವರು ಒಂದೆರಡು ವರ್ಷ ಬದುಕಿದರೆ ಹೆಚ್ಚು. ಕೊಲ್ಲುತ್ತಿದ್ದುದು ಬೆನ್ನಿನ ಗಾಯವಲ್ಲ, ಹಾಸಿಗೆ ಹುಣ್ಣಿನ ನಂಜು ಮತ್ತು ಕೆಟ್ಟ ಕಿಡ್ನಿ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್ ಹೊಸ ಔಷಧಿಯನ್ನೇನೂ ಕಂಡುಹಿಡಿಯಲಿಲ್ಲ. ಹಗಲು ರಾತ್ರಿ ಎರಡು ತಾಸಿಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿ ಅಂದರು, ಮೂತ್ರಕೋಶವನ್ನು ಶುಚಿಯಾಗಿ ಖಾಲಿ ಮಾಡಿ ಅಂದರು, ಮಲಗಿದವರನ್ನು ಎಬ್ಬಿಸಿ ಆಟಕ್ಕೆ ಇಳಿಸಿದರು. ಪ್ಯಾರಾಲಿಂಪಿಕ್ಸ್‌ನ ಬೇರು 1948ರಲ್ಲಿ ಅದೇ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ನಡೆದ ಆಟದಲ್ಲಿದೆ. ಇಂದಿಗೂ ಈ ಚಿಕಿತ್ಸೆಯ ಮುಕ್ಕಾಲು ಪಾಲು ಇಂಥ ಬೇಸರದ ಕೆಲಸಗಳೇ.

ಬೇಸರವಾದರೂ ತಪ್ಪಿಸುವಂತಿಲ್ಲ, ಏಕೆಂದರೆ ಪೆಟ್ಟು ಬಿದ್ದ ಮಟ್ಟದಿಂದ ಕೆಳಗೆ ಏನು ಕೆಟ್ಟರೂ ನೋವು ಬಂದು ಹೇಳುವುದಿಲ್ಲ. ಕಾಲಿನ ಮೂಳೆ ಮುರಿದರೂ, ಮೂತ್ರಕೋಶದಲ್ಲಿ ಕಲ್ಲು ಕೂತರೂ, ಕುಂಡಿ ಕೊಳೆತರೂ ಸುದ್ದಿ ಬರುವುದು ಸುತ್ತು ದಾರಿಯಲ್ಲಿ: ಕಾಲು ಇದ್ದಕ್ಕಿದ್ದಂತೆ ಸೆಟೆಯುತ್ತದೆ, ಮುಖ ಬೆವರುತ್ತದೆ, ಜ್ವರ ಬರುತ್ತದೆ, ತಲೆ ಸಿಡಿಯುತ್ತದೆ. 'ನೋವಿಲ್ಲ ಅಂದಮ್ಯಾಲ ಏನೂ ಆಗಿಲ್ಲ' ಅನ್ನುವುದು ಈ ಮೈಗೆ ಹೊಂದದ ಮಾತು.

ಮೊದಲು ಮೂತ್ರಕೋಶ. ಅದು ಹಿಂಡುವಾಗ ಕೆಳಗಿನ ಕವಾಟ ಸಡಿಲಾಗಬೇಕು. ಆ ತಾಳ ಕೂಡಿಸುವ ಜಾಗ ಮಿದುಳಿನ ಕಾಂಡದಲ್ಲಿದೆ. ನಡುವೆ ಹುರಿ ಕಡಿದರೆ ಎರಡೂ ಒಟ್ಟಿಗೇ ಬಿಗಿಯುತ್ತವೆ, ವಾಲ್ವ್ ಮುಚ್ಚಿಟ್ಟು ಬೋರಿನ ಮೋಟರ್ ಚಾಲೂ ಮಾಡಿದ ಹಾಗೆ. ಒತ್ತಡ ಹಿಂದಕ್ಕೆ, ಕಿಡ್ನಿಯ ಕಡೆಗೆ ಏರುತ್ತದೆ. ಮೂತ್ರಕೋಶದ ಒಳಗಿನ ಒತ್ತಡ 40 ಸೆಂ.ಮೀ. ನೀರಿನ ಮಟ್ಟ ದಾಟಿ ನಿಂತರೆ ಕಿಡ್ನಿಗೆ ಅಪಾಯ ಎಂಬುದು ಈ ಒತ್ತಡ ಅಳೆಯುವ ಯುರೋಡೈನಮಿಕ್ ಪರೀಕ್ಷೆಯಲ್ಲಿ ಬಳಸುವ ಹಳೆಯ ಅಳತೆಗೋಲು. ಬಟ್ಟೆ ತೊಯ್ಯುತ್ತಿದೆ ಎಂದರೆ ಮೂತ್ರ ಸಲೀಸಾಗಿ ಹೋಗುತ್ತಿದೆ ಎಂದು ತಿಳಿಯಬಾರದು. ತುಂಬಿದ ಕೆರೆಯ ಕೋಡಿ ಹರಿಯುತ್ತಿರಬಹುದು ಅಷ್ಟೇ. ಹೊಟ್ಟೆ ಒತ್ತಿ ಉಚ್ಚಿ ಹೊಯ್ಯಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಮುಚ್ಚಿದ ಕವಾಟದ ಎದುರು ಒತ್ತಿದಷ್ಟೂ ಅದು ಮೇಲಕ್ಕೇ ಹೋಗುತ್ತದೆ, ಕೈಬಿಡಿ.

ಹೆಚ್ಚಿನವರು ಮನೆಗೆ ಬರುವುದು ಫೋಲಿ, ಅಂದರೆ ಬಲೂನಿನ ಆಸರೆಯಲ್ಲಿ ಮೂತ್ರಕೋಶದಲ್ಲೇ ನಿಲ್ಲುವ ಪೈಪು, ಹಾಕಿಸಿಕೊಂಡು. 'ಪೈಪ್ ಹಾಕ್ಯಾರ' ಅನ್ನುವುದು ವಾರದ ಮಾತಾಗಿ ಶುರುವಾಗಿ ವರ್ಷಗಳಿಗೆ ಎಳೆಯುತ್ತದೆ. ಫೋಲಿ ಒಳಗಿದ್ದಷ್ಟು ದಿನ ಅಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಪ್ರೋಟಿಯಸ್‌ನಂಥವು ಮೂತ್ರದ ಯೂರಿಯಾವನ್ನು ಒಡೆದು ಅದನ್ನು ಕ್ಷಾರವಾಗಿಸುತ್ತವೆ, ಆಗ ಸುಣ್ಣದಂಥ ಹರಳು ಪೈಪಿನ ಬಾಯಿಗೆ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಹಳೆಯ ಪೈಪು ತೆಗೆದಾಗ ತುದಿ ಬೆರಳಿಗೆ ಮರಳು ಮರಳಾಗಿ ಸಿಕ್ಕರೆ ಮೂತ್ರಕೋಶದಲ್ಲಿ ಕಲ್ಲೂ ಇದ್ದೀತು ಎಂದು ಸ್ಕ್ಯಾನ್ ಮಾಡಿಸಬೇಕು. ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ: ಪೈಪಿನ ಪಕ್ಕದಿಂದ ಸೋರಿದರೆ ಇನ್ನೂ ದಪ್ಪ ಪೈಪು ಹಾಕುವುದು. ಸೋರುವುದು ಮೂತ್ರಕೋಶ ಹಿಂಡುವುದರಿಂದ ಇಲ್ಲವೇ ಪೈಪು ಕಟ್ಟಿರುವುದರಿಂದ. ದಪ್ಪ ಪೈಪು ಮೂತ್ರನಾಳವನ್ನು ಇನ್ನಷ್ಟು ಹಿಗ್ಗಿಸಿ ಸೋರಿಕೆ ಹೆಚ್ಚಿಸುತ್ತದೆ. ಬೇರೆ ದಾರಿ ಇಲ್ಲದೆ ಫೋಲಿಯೇ ಇರಬೇಕಾದರೆ ದಪ್ಪ 14ರಿಂದ 16 ಫ್ರೆಂಚ್ (Fr) ಅಳತೆ, ಬಲೂನಿಗೆ 10 ಮಿ.ಲೀ. ನೀರು, ಎಳೆತ ಬೀಳದಂತೆ ತೊಡೆಗೋ ಹೊಟ್ಟೆಗೋ ಟೇಪು, ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಮೂರು ನಾಲ್ಕು ವಾರಕ್ಕೊಮ್ಮೆ ಬದಲು. ವರ್ಷಗಟ್ಟಲೆ ಬೇಕು ಎಂದಾದರೆ ಹೊಕ್ಕುಳ ಕೆಳಗಿನಿಂದ ನೇರ ಮೂತ್ರಕೋಶಕ್ಕೆ ಹಾಕುವ ಪೈಪು ಮೂತ್ರನಾಳವನ್ನಾದರೂ ಉಳಿಸುತ್ತದೆ.

ಕೈ ಆಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ತೆಳು ನಳಿಕೆ ಹಾಕಿ ಖಾಲಿ ಮಾಡಿ ತೆಗೆದುಬಿಡುವುದು. ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಇದನ್ನು ಮುಂದಿಟ್ಟಾಗ ಹಲವರು ಹುಬ್ಬೇರಿಸಿದರು. ಆಪರೇಷನ್ ಥಿಯೇಟರಿನ ಶುದ್ಧಿ ಇಲ್ಲದೆ ನಳಿಕೆ ಹಾಕುವುದೇ? ಅವರ ವಾದ ಸರಳ: ಸೋಪಿನಲ್ಲಿ ತೊಳೆದ ಕೈ ಸಾಕು, ಮೂತ್ರಕೋಶ ಉಬ್ಬಿ ನಿಲ್ಲುವುದೇ ಸೋಂಕಿಗೆ ದೊಡ್ಡ ಕಾರಣ. ಗಂಡಸರಿಗೆ 12 ಅಥವಾ 14ರ ಉದ್ದ ನಳಿಕೆ, ತುದಿಗೆ ಧಾರಾಳ ಜೆಲ್ಲಿ, ಶಿಶ್ನವನ್ನು ಮೇಲಕ್ಕೆ ನೆಟ್ಟಗೆ ಹಿಡಿದು ನಿಧಾನ ಒಳಕ್ಕೆ. ಕವಾಟದ ಬಳಿ ತಡೆದರೆ ತಳ್ಳಬಾರದು, ಅರೆ ನಿಮಿಷ ಹಾಗೇ ಹಿಡಿದು ದೀರ್ಘ ಉಸಿರು ಬಿಟ್ಟರೆ ಬಿಗಿತ ಇಳಿಯುತ್ತದೆ. ಮೂತ್ರ ಬಂದ ಮೇಲೆ ಇನ್ನೆರಡು ಸೆಂ.ಮೀ. ಒಳಗೆ. ಹರಿವು ನಿಂತ ಮೇಲೆ ನಿಧಾನವಾಗಿ ಹೊರಗೆ ಎಳೆಯುತ್ತಾ ತಳದಲ್ಲಿ ಉಳಿದದ್ದನ್ನೂ ಬಿಡಿಸಬೇಕು. ಹೆಂಗಸರಿಗೆ ಗಿಡ್ಡ ನಳಿಕೆ, ಮೊದಮೊದಲು ಒಂದು ಕನ್ನಡಿ. ಒಂದು ನಳಿಕೆ ಒಂದೇ ಸಲ ಅನ್ನುವುದು ನಿಯಮ. ತಿಂಗಳಿಗೆ ನೂರೈವತ್ತು ನಳಿಕೆ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಆದ್ದರಿಂದ ಸೋಪಿನಲ್ಲಿ ಒಳಗೂ ಹೊರಗೂ ತೊಳೆದು, ಕುದಿಸಿ ಆರಿಸಿದ ನೀರು ಹಾಯಿಸಿ, ಪೂರ್ತಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಕೆಲವು ದಿನ ಬಳಸುವವರು ಬಹಳ. ಒದ್ದೆ ನಳಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಮಾತ್ರ ಬೇಡ. ನಳಿಕೆ ಗಡುಸಾದರೆ, ಬಣ್ಣ ಕೆಟ್ಟರೆ ಬಿಸಾಡಿ.

ಎಷ್ಟು ಸಲ ಎಂಬುದನ್ನು ಗಡಿಯಾರಕ್ಕಿಂತ ಅಳತೆ ಹೇಳಲಿ. ಒಂದು ಲೀಟರ್ ನೀರಿನ ಬಾಟಲಿಗೆ 100 ಮಿ.ಲೀ.ಗೊಂದರಂತೆ ಗೆರೆ ಎಳೆದು ಒಂದು ವಾರ ಬರೆದಿಡಿ. ಒಂದು ಸಲಕ್ಕೆ 500 ಮಿ.ಲೀ. ದಾಟುತ್ತಿದ್ದರೆ ಸರತಿ ಹೆಚ್ಚಿಸಬೇಕು, ನೀರು ಕಡಿಮೆ ಮಾಡಬಾರದು. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ 'ಪೈಪ್ ಹಾಕೂ ಕಿರಿಕಿರಿ' ಅಂತ ನೀರು ಬಿಟ್ಟವರಿಗೆ ಕಲ್ಲು ಕೂರುವುದು ಬೇಗ. ಹಗಲೆಲ್ಲ ಗಾಲಿಕುರ್ಚಿಯಲ್ಲಿ ಕೂತು ಬಾತ ಕಾಲಿನ ನೀರು ರಾತ್ರಿ ಮಲಗಿದಾಗ ರಕ್ತಕ್ಕೆ ಮರಳುತ್ತದೆ. ಮಧ್ಯರಾತ್ರಿ ಮೂತ್ರಕೋಶ ತುಂಬುವುದು ಅದಕ್ಕೇ. ಸಂಜೆ ಒಂದು ತಾಸು ಕಾಲು ಮೇಲಿಟ್ಟು ಮಲಗಿ ಆಮೇಲೆ ಖಾಲಿ ಮಾಡಿದರೆ ರಾತ್ರಿ ಒಂದು ಸಲ ಏಳುವುದು ತಪ್ಪುತ್ತದೆ. ಸರತಿಯ ನಡುವೆ ಸೋರಿದರೆ ಆಕ್ಸಿಬ್ಯುಟಿನಿನ್, ಸೋಲಿಫೆನಸಿನ್, ಮಿರಾಬೆಗ್ರಾನ್ ಗುಳಿಗೆಗಳಿವೆ. ಅವಕ್ಕೂ ಬಗ್ಗದ ಮೂತ್ರಕೋಶಕ್ಕೆ ದುರ್ಬೀನಿನ ಮೂಲಕ ಸ್ನಾಯು ಸಡಿಲಿಸುವ ಬೋಟುಲಿನಮ್ 200 ಯೂನಿಟ್ ಚುಚ್ಚುತ್ತಾರೆ, ಹಲವು ತಿಂಗಳು ತಡೆಯುತ್ತದೆ.

ಮೂತ್ರ ಕದಡಿದೆ, ವಾಸನೆ ಬರುತ್ತಿದೆ ಅಂದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ನುಂಗಬೇಕಾಗಿಲ್ಲ. ನಳಿಕೆ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಸಹಜ. ಚಳಿಜ್ವರ, ಹೊಸದಾಗಿ ಸೋರುವುದು, ಕಾಲಿನ ಸೆಟೆತ ಹೆಚ್ಚುವುದು, ಮೈ ಜೋಲುವುದು ಜೊತೆಗೂಡಿದರೆ ಅದು ಸೋಂಕು. ಆಗಲೂ ಮೊದಲು ಕಲ್ಚರ್‌ಗೆ (ರೋಗಾಣು ಗುರುತಿಸುವ ಪರೀಕ್ಷೆಗೆ) ಮೂತ್ರ ಕೊಟ್ಟು ಆಮೇಲೆ ಔಷಧಿ. ಆ ಮೂತ್ರ ಹೊಸ ನಳಿಕೆಯಿಂದ ಬಂದಿರಬೇಕು, ಚೀಲದಿಂದ ಸುರಿದುಕೊಂಡದ್ದಲ್ಲ.

ಇನ್ನು ಕುಂಡಿ ಹುಣ್ಣು. ಚರ್ಮ ಮೊದಲು ಕೆಟ್ಟು ಒಳಗೆ ಇಳಿಯುತ್ತದೆ ಎಂಬುದು ಕಣ್ಣಿನ ಮೋಸ. ಒತ್ತಡ ಹೆಚ್ಚು ಬೀಳುವುದು ಎಲುಬಿಗೆ ತಗಲಿದ ಮಾಂಸದ ಮೇಲೆ. ಹೊರಗೆ ಎಂಟಾಣೆಯಷ್ಟು ಕಪ್ಪು ಕಂಡಾಗ ಒಳಗೆ ಮುಷ್ಟಿ ಹಿಡಿಸುವಷ್ಟು ಕೊಳೆತಿರಬಹುದು. ಮಲಗಿದವರಿಗೆ ಸೊಂಟದ ಹಿಂದಿನ ತ್ರಿಕ ಮೂಳೆ, ತೊಡೆಯ ಹೊರಗಿನ ಗಂಟು, ಹಿಮ್ಮಡಿ. ಕೂತವರಿಗೆ ಕುಂಡಿಯ ಎರಡು ಎಲುಬು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಕನ್ನಡಿ ಹಿಡಿದು ನೋಡಬೇಕು. ನಮ್ಮ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದು, ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಸುತ್ತಲಿಗಿಂತ ಬಿಸಿ, ಗಟ್ಟಿ, ಇಲ್ಲವೇ ಮೆತ್ತಗೆ ಇದ್ದು ಅರ್ಧ ತಾಸಿನಲ್ಲಿ ಸರಿಹೋಗದಿದ್ದರೆ ಆ ಜಾಗದ ಮೇಲೆ ಭಾರ ಬೀಳುವುದು ಅವತ್ತಿಗೆ ಬಂದ್. ಉಜ್ಜಬೇಡಿ, ಎಣ್ಣೆ ತಿಕ್ಕಬೇಡಿ, ನಲುಗಿದ ರಕ್ತನಾಳಗಳು ಇನ್ನಷ್ಟು ಹರಿದುಹೋಗುತ್ತವೆ.

ಹಾಸಿಗೆಯಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು. ಪೂರ್ತಿ ಅಡ್ಡ ಮಗ್ಗುಲು ಬೇಡ, 30 ಡಿಗ್ರಿ ವಾಲಿಸಿ ಬೆನ್ನಿಗೆ ಮಡಚಿದ ಕೌದಿ ಇಡಿ. ಹಿಮ್ಮಡಿ ತೇಲುವಂತೆ ಮೀನಖಂಡದ ಕೆಳಗೆ ದಿಂಬು. ಕುರ್ಚಿಯಲ್ಲಿ ಕೂತಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ಎದೆ ತೊಡೆಗೆ ತಾಗುವಂತೆ ಮುಂದಕ್ಕೆ ಬಾಗುವುದು ಒಳ್ಳೆಯದು. ಕೈ ಊರಿ ಮೇಲೇಳುವುದನ್ನು ಅಷ್ಟು ಹೊತ್ತು ಯಾರೂ ತಡೆಯಲಾರರು, ಭುಜವೂ ಸವೆಯುತ್ತದೆ. ನಡುವೆ ತೂತಿರುವ ಗಾಳಿ ರಿಂಗು ಮೆಡಿಕಲ್ ಅಂಗಡಿಯಲ್ಲಿ ಈ ಹುಣ್ಣಿಗೆಂದೇ ಮಾರುವ ಮಾಲು, ಕೆಲಸ ಮಾಡುವುದು ಉಲ್ಟಾ. ರಿಂಗಿನ ಅಂಚು ಸುತ್ತಲಿನ ರಕ್ತನಾಳಗಳನ್ನು ಒತ್ತಿ ನಡುವಿನ ಚರ್ಮಕ್ಕೆ ರಕ್ತವೇ ಹೋಗದಂತೆ ಮಾಡುತ್ತದೆ. ಗಾಳಿಕೋಶದ ಕುಶನ್ ದುಬಾರಿ. ಅದನ್ನೂ ಬಿಗಿಯಾಗಿ ಊದಿದರೆ ಹಲಗೆಯೇ. ಕೂತ ಮೇಲೆ ಕುಂಡಿ ಎಲುಬಿಗೂ ತಳಕ್ಕೂ ನಡುವೆ ಒಂದು ಬೆರಳು ದಪ್ಪ ಗಾಳಿ ಉಳಿಯಬೇಕು, ಕೈ ಹಾಕಿ ನೋಡಿ. ಆಗದವರಿಗೆ ನಾಲ್ಕಿಂಚಿನ ಗಟ್ಟಿ ಫೋಮು, ಕುಸಿದಾಗ ಬದಲು. ಪರ್ಸಿ ನೆಲದ ಮೇಲೆ ಕುಂಡಿ ಎಳೆದುಕೊಂಡು ಸರಿದಾಡುವುದು, ಸಂಡಾಸಿನ ಗಡುಸು ಕುರ್ಚಿಯಲ್ಲಿ ಮುಕ್ಕಾಲು ತಾಸು ಕೂರುವುದು, ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನ ಸೀಟಿನಲ್ಲಿ ಹೋಗುವುದು, ಬಹಳ ಹುಣ್ಣುಗಳ ಹುಟ್ಟೂರು ಈ ಮೂರೇ.

ಬಾಯಿ ತೆರೆದ ಹುಣ್ಣಿಗೆ ಅರಿಶಿನ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಅವು ಹೊಸ ಮಾಂಸವನ್ನೂ ಸುಡುತ್ತವೆ ಅಥವಾ ಕೊಳೆ ಕೂಡಿಸುತ್ತವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಚಹಾ ಚಮಚದಲ್ಲಿ ಒಂದೂವರೆ. ಇದರಲ್ಲಿ ತೊಳೆದು, ಒದ್ದೆ ಮಾಡಿ ಹಿಂಡಿದ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಪಟ್ಟಿಯನ್ನು ಗುಳಿಗೆ ಸಡಿಲವಾಗಿ ತುಂಬಬೇಕು. ಗಿಡಿದು ತುಂಬಿದರೆ ಅದೂ ಒಂದು ಒತ್ತಡವೇ. ಕಪ್ಪು ಸತ್ತ ಭಾಗವನ್ನು ಸರ್ಜನ್ ಕತ್ತರಿಸಬೇಕು. ಒಳಗೆ ಎಲುಬು ತಗಲಿದರೆ ಮೂಳೆಗೆ ನಂಜು ಹತ್ತಿದೆ ಎಂದೇ ಹಿಡಿಯಬೇಕು. ಅದಕ್ಕೆ ಕೆಟ್ಟ ಎಲುಬು ಕೆತ್ತಿ ತೆಗೆದು, ವಾರಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟು, ಪಕ್ಕದ ಮಾಂಸ ತಿರುಗಿಸಿ ಮುಚ್ಚುವ ಫ್ಲ್ಯಾಪ್ ಆಪರೇಷನ್. ಆಮೇಲೆ ಮೂರರಿಂದ ಆರು ವಾರ ಕೂರುವಂತಿಲ್ಲ, ಕೂರಲು ಬಿಟ್ಟ ಮೊದಲ ದಿನ ಹದಿನೈದೇ ನಿಮಿಷ. ಮದುವೆ, ಜಾತ್ರೆ ಅಂತ ಈ ಲೆಕ್ಕ ಮುರಿದವರ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಮಾಯದ ಹುಣ್ಣಿನ ಅಂಚು ಹೂಕೋಸಿನಂತೆ ಎದ್ದು ರಕ್ತ ಒಸರಿದರೆ ಬಯಾಪ್ಸಿ ಮಾಡಿಸಿ, ಹಳೆಯ ಹುಣ್ಣು ಕ್ಯಾನ್ಸರಿಗೆ ತಿರುಗುವುದುಂಟು.

ಹುಣ್ಣು ತುಂಬಲು ಪ್ರೋಟೀನ್ ಬೇಕು, ಕಿಲೋ ತೂಕಕ್ಕೆ ದಿನಕ್ಕೆ ಒಂದೂಕಾಲರಿಂದ ಒಂದೂವರೆ ಗ್ರಾಂ. 60 ಕಿಲೋ ಮನುಷ್ಯನಿಗೆ 75ರಿಂದ 90. ಇದಕ್ಕೆ ಡಬ್ಬಿ ಪುಡಿ ಬೇಕಾಗಿಲ್ಲ, ತೊಗರಿಯ ಕಣಜದಲ್ಲೇ ಕೂತಿದ್ದೇವೆ. ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 24 ಗ್ರಾಂ, ನೂರು ಗ್ರಾಂ ತೊಗರಿಬೇಳೆಯಲ್ಲಿ 22, ಹಿಂಡಿಗೆ ಹಾಕಿದ ಐವತ್ತು ಗ್ರಾಂ ಶೇಂಗಾದಲ್ಲಿ 12, ಎರಡು ತತ್ತಿಯಲ್ಲಿ 12, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16. ಮನೆಗಳಲ್ಲಿ ನಡೆಯುವುದು ಇದರ ತಿರುಗು ಮುರುಗು: 'ಗಾಯಕ್ಕ ನಂಜು' ಅಂತ ಬೇಳೆ, ಶೇಂಗಾ, ತತ್ತಿ ಬಿಡಿಸಿ ಗಂಜಿ ಕುಡಿಸುತ್ತಾರೆ. ಕಿಡ್ನಿ ಈಗಾಗಲೇ ಸೊರಗಿದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರು ಹಾಕಬೇಕು. ಗುಟಕಾ, ಬೀಡಿ ನಿಲ್ಲದೆ ಫ್ಲ್ಯಾಪಿನ ಹಣ ದಂಡ.

ಮೇಲಿನವೆಲ್ಲ ನಿಧಾನದ ವೈರಿಗಳು. ನಿಮಿಷಗಳಲ್ಲಿ ಕೊಲ್ಲಬಲ್ಲದ್ದು ಒಂದಿದೆ, ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಎದೆಯ ಆರನೇ ಹುರಿಮಟ್ಟ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ, ಅಂದರೆ ಎದೆಮೂಳೆ ಮುಗಿಯುವ ಜಾಗದಿಂದ ಕೆಳಗೆ ಸ್ಪರ್ಶ ಹೋದವರಿಗೆ, ಕೆಳಗಿನ ಯಾವುದೋ ಕಿರುಕುಳಕ್ಕೆ ರಕ್ತನಾಳಗಳು ಬಿಗಿದು ಬಿ.ಪಿ. ಹಾರುತ್ತದೆ. ತಡೆಯುವ ಆಜ್ಞೆ ಮಿದುಳಿನಿಂದ ಕೆಳಗೆ ಇಳಿಯಲಾರದು. ತಲೆ ಸುತ್ತಿಗೆಯಲ್ಲಿ ಬಡಿದಂತೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ಮೂಗು ಕಟ್ಟುತ್ತದೆ, ಕೆಳಗೆ ಮಾತ್ರ ಮೈ ತಣ್ಣಗೆ, ರೋಮ ನಿಮಿರಿ. ಇವರ ಮಾಮೂಲಿ ಬಿ.ಪಿ. ಮೇಲಿನ ಅಂಕಿ 90ರಿಂದ 110. ಆದ್ದರಿಂದ 140 ಕಂಡ ನರ್ಸಮ್ಮ 'ಜರಾ ಜಾಸ್ತಿ ಅದ' ಅಂದರೆ ಮೋಸ ಹೋದ ಹಾಗೆ. ತಲೆನೋವಿಗೆ ಗುಳಿಗೆ ಕೊಟ್ಟು ಅಂಗಾತ ಮಲಗಿಸುವುದು ಮಾಡಬಾರದ ಎರಡು ಕೆಲಸ.

ಮೊದಲು ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ, ಉಡಿದಾರ, ಬೆಲ್ಟು, ಬೂಟು, ಲೆಗ್ ಬ್ಯಾಗಿನ ಪಟ್ಟಿ ಸಡಿಲಿಸಿ. ಪೈಪು ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ, ಬಹುಪಾಲು ಕಾರಣ ಅಲ್ಲೇ ಸಿಗುತ್ತದೆ. ಕಟ್ಟಿದ್ದರೆ ಮೈ ಬಿಸುಪಿನ 10–15 ಮಿ.ಲೀ. ಸಲೈನ್ ಮೆತ್ತಗೆ ಹಾಯಿಸಿ, ಬಿಡದಿದ್ದರೆ ಪೈಪು ಬದಲಿಸಿ. ಹೊಟ್ಟೆ ಒತ್ತಬೇಡಿ. ಹೊಸದಾಗಿ ಹಾಕುವ ಮುಂಚೆ ಲಿಗ್ನೋಕೇನ್ ಜೆಲ್ಲಿ ಬಿಟ್ಟು ಎರಡು ನಿಮಿಷ ಕಾಯಿರಿ. ಅಲ್ಲಿ ಏನಿಲ್ಲದಿದ್ದರೆ ಗುದದಲ್ಲಿ ಗಟ್ಟಿ ಮಲ ಇದೆಯೇ, ಅದೇ ಜೆಲ್ಲಿ ಹಾಕಿ ಕಾದು ಬೆರಳಿನಿಂದ ನೋಡಿ. ಆಮೇಲೆ ಹುಣ್ಣು, ಸುಟ್ಟ ಗಾಯ, ಮಾಂಸಕ್ಕೆ ಇಳಿದ ಉಗುರು. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿ.ಪಿ. ಕಾರಣ ಸಿಗದೆ 150 ದಾಟಿಯೇ ನಿಂತರೆ, ವೈದ್ಯರು ಮೊದಲೇ ಬರೆದುಕೊಟ್ಟ ಔಷಧಿ, ಸಾಮಾನ್ಯವಾಗಿ ನಿಫೆಡಿಪಿನ್ 10 ಮಿ.ಗ್ರಾಂ. ಕಚ್ಚಿ ನುಂಗುವುದು ಅಥವಾ ನೈಟ್ರೋಗ್ಲಿಸರಿನ್ ಮುಲಾಮು, ಮತ್ತು 108. ಹಿಂದಿನ ದಿನವೋ ಎರಡು ದಿನದೊಳಗೋ ಸಿಲ್ಡೆನಾಫಿಲ್, ಟಡಾಲಾಫಿಲ್ ನುಂಗಿದ್ದರೆ ನೈಟ್ರೋಗ್ಲಿಸರಿನ್ ಕೊಡಲೇಬಾರದು, ನಾಚಿಕೆ ಬಿಟ್ಟು ಹೇಳಬೇಕು. ಇಳಿದ ಮೇಲೂ ಎರಡು ತಾಸು ಕಾವಲು. ಈ ಇಷ್ಟನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿ ಕುರ್ಚಿಗೆ ಕಟ್ಟಿಬಿಡಿ. ಈ ಹೆಸರನ್ನೇ ಕೇಳದ ಡಾಕ್ಟರು ರಾತ್ರಿ ಡ್ಯೂಟಿಯಲ್ಲಿ ಇರುವುದು ಅಪರೂಪವಲ್ಲ. ಈ ಮಟ್ಟದ ಪೆಟ್ಟಿರುವ ಬಸುರಿಗೆ ಹೆರಿಗೆಯ ಬೇನೆಯೂ ಇದನ್ನೇ ಎಬ್ಬಿಸಬಹುದು.

ಸೆಟೆತದ ಬಗ್ಗೆ ಎರಡು ಮಾತು ಸಾಕು. ಬ್ಯಾಕ್ಲೋಫೆನ್ 5 ಮಿ.ಗ್ರಾಂ. ಮೂರು ಹೊತ್ತಿನಿಂದ ಶುರುವಾಗಿ ನಿಧಾನ ಏರುತ್ತದೆ. ಗುಳಿಗೆ ತೀರಿದೆ ಅಂತ ಥಟ್ಟನೆ ನಿಲ್ಲಿಸಿದರೆ ಜ್ವರ, ಭ್ರಮೆ, ಫಿಟ್ಸ್ ಬರಬಹುದು, ಊರಿಗೆ ಹೋಗುವಾಗ ಹತ್ತು ದಿನದ್ದು ಹೆಚ್ಚಿಗೆ ಇರಲಿ. ಮೊನ್ನೆಯವರೆಗೆ ಹದವಾಗಿದ್ದ ಕಾಲು ಈ ವಾರ ಒದೆಯುತ್ತಿದ್ದರೆ ಡೋಸು ಏರಿಸುವ ಮುಂಚೆ ಮೂತ್ರ, ಮಲ, ಚರ್ಮ, ಉಗುರು, ಎಲುಬಿನಲ್ಲಿ ಕಾರಣ ಹುಡುಕಿ.

ಎಲುಬು ಎಂದೆ. ನಿಲ್ಲದ ಕಾಲಿನ ಮೂಳೆ ಮೊದಲ ಒಂದೆರಡು ವರ್ಷದಲ್ಲೇ ಜೊಳ್ಳಾಗುತ್ತದೆ, ಮೊಣಕಾಲಿನ ಅಕ್ಕಪಕ್ಕ ಹೆಚ್ಚು. ಮಂಚದಿಂದ ಕುರ್ಚಿಗೆ ದಾಟುವಾಗ ಪಾದ ಸಿಕ್ಕಿಕೊಂಡು ತಿರುಚಿದರೂ ಸಾಕು. ಮನೆಯವರು ಜೋರು ಮಾಡಿ ಮೊಣಕಾಲು ಮಡಚುವ ವ್ಯಾಯಾಮಕ್ಕೂ ಮುರಿಯುತ್ತದೆ. ಕಾಣುವುದು ಬಾವು ಮತ್ತು ಬಿಸಿ ಮಾತ್ರ. ಒಂದೇ ಕಾಲು ಬಾತರೆ ಎಕ್ಸ್‌ರೇ ಬೇಕು, ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಕೂಡ, ಹೆಪ್ಪುಗಟ್ಟಿದ ರಕ್ತವೂ ಹೀಗೇ ಕಾಣುತ್ತದೆ. ಆ ಕಾಲಿಗೆ ಮಾಲೀಸು ಬೇಡ, ಬಿದಿರು ಸೀಳು ಇಟ್ಟು ಬಿಗಿದು ಕಟ್ಟುವುದಂತೂ ಬೇಡ. ಗಟ್ಟಿ ಪ್ಲಾಸ್ಟರಿನ ಒಳಗೆ ಸ್ಪರ್ಶವಿಲ್ಲದ ಚರ್ಮ ಕೊಳೆತರೂ ಯಾರಿಗೂ ತಿಳಿಯದು. ಮೆತ್ತನೆಯ ಪಟ್ಟಿ ಹಾಕಿ ದಿನಾ ಬಿಚ್ಚಿ ನೋಡುವಂಥ ಸ್ಪ್ಲಿಂಟ್ ಕೇಳಿ.

ಎಲ್ಲಕ್ಕಿಂತ ತಡವಾಗಿ, ಕೆಲವರಲ್ಲಿ ಇಪ್ಪತ್ತು ವರ್ಷದ ಮೇಲೂ ಬರುವುದು ಸಿರಿಂಗೋಮೈಲಿಯಾ, ಗಾಯದ ಜಾಗದಿಂದ ಹುರಿಯ ಒಳಗೆ ನೀರಿನ ಕೊಳವೆ ಮೇಲಕ್ಕೆ ಬೆಳೆಯುವುದು. ಕೆಮ್ಮಿದಾಗ, ಸೀನಿದಾಗ ಕುತ್ತಿಗೆ, ತೋಳಿಗೆ ಹೊಡೆಯುವ ನೋವು. ಬಿಸಿ ಚಹಾದ ಲೋಟ ಹಿಡಿದ ಬೆರಳಿಗೆ ಬಿಸಿಯೇ ತಿಳಿಯದಿರುವುದು. ಹಿಡಿತ ಸಡಿಲಾಗುವುದು. ನೆನಪಿಡಬೇಕಾದ ಸೂತ್ರ ಒಂದು: ಒಮ್ಮೆ ನಿಂತ ಸ್ಪರ್ಶದ ಗೆರೆ ಮೇಲಕ್ಕೆ ಸರಿಯಬಾರದು. ಸರಿದರೆ ಎಮ್‌ಆರ್‌ಐ, ನ್ಯೂರೋಸರ್ಜನ್. ಬೆನ್ನಲ್ಲಿ ಟೈಟಾನಿಯಂ ರಾಡು ಇದ್ದರೂ ಎಮ್‌ಆರ್‌ಐ ಮಾಡಬಹುದು. ಕಳೆದುಕೊಂಡ ಶಕ್ತಿ ಮರಳುವುದು ಕಡಿಮೆ, ಇರುವುದನ್ನು ಉಳಿಸಲು ಆಪರೇಷನ್. ಭುಜದ ಸವೆತವನ್ನೂ ಇದನ್ನೂ ಗೊಂದಲ ಮಾಡಿಕೊಳ್ಳುವುದು ಸುಲಭ. ಭುಜದ ನೋವು ತೋಳು ಎತ್ತಿದಾಗ ಹೆಚ್ಚು, ಅದರಲ್ಲಿ ಬಿಸಿ ತಣ್ಣಗಿನ ಅರಿವು ಹೋಗುವುದಿಲ್ಲ. ಭುಜ ಉಳಿಯಬೇಕಾದರೆ ಮಂಚ ಮತ್ತು ಕುರ್ಚಿಯ ಎತ್ತರ ಒಂದೇ ಇರಲಿ, ಹೊಸ್ತಿಲಿಗೆ ಒಂದಿಂಚು ಏರಿಗೆ ಒಂದಡಿ ಉದ್ದದ ಇಳಿಜಾರು ಹಾಕಿಸಿ.

ನಮ್ಮ ಬಿಸಿಲೇ ಒಂದು ಬೇರೆ ರೋಗ. ಪೆಟ್ಟು ಮೇಲ್ಮಟ್ಟದಲ್ಲಿದ್ದರೆ ಕೆಳಗಿನ ಮೈ ಬೆವರದು, ಪಾರಾ 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ತಗಡಿನ ಮನೆಯಲ್ಲಿ ಮಲಗಿದವರ ಮೈ ಬಿಸಿ ಸೋಂಕಿಲ್ಲದೆಯೇ ಏರುತ್ತದೆ. ಒದ್ದೆ ಬಟ್ಟೆ ಹೊದಿಸಿ ಫ್ಯಾನು ಹಾಕಿ, ಸ್ಪರ್ಶವಿಲ್ಲದ ಚರ್ಮದ ಮೇಲೆ ಐಸು ಇಡಬೇಡಿ. ಅರ್ಧ ತಾಸಿನಲ್ಲಿ ಇಳಿಯದಿದ್ದರೆ ಸೋಂಕು ಹುಡುಕಿ. ಪ್ರಜ್ಞೆ ಮಂಜಾಗುತ್ತಿದ್ದರೆ ಅರ್ಧ ತಾಸೂ ಕಾಯಬೇಡಿ. ಬಿಸಿಲಿಗೆ ಕಾದ ಪರ್ಸಿ ಕಟ್ಟೆ, ಬೈಕಿನ ಸೈಲೆನ್ಸರ್, ತೊಡೆಯ ಮೇಲಿಟ್ಟ ಬಿಸಿ ಸಾರಿನ ಪಾತ್ರೆ, ಬೀದರಿನ ಚಳಿಗೆ ಕಾಲ ಬಳಿ ಇಟ್ಟ ಕೆಂಡ, ಸೆಟೆತಕ್ಕೆ ಕೊಡುವ ಇಟ್ಟಿಗೆ ಶಾಖ, ಇವೆಲ್ಲ ಗುಳ್ಳೆ ಎದ್ದ ಮೇಲೆಯೇ ಗೊತ್ತಾಗುತ್ತವೆ.

ಸಂಡಾಸಿಗೆ ದಿನದ ಒಂದು ಹೊತ್ತು ಗೊತ್ತುಮಾಡಿ. ಊಟ ಅಥವಾ ಚಹಾ ಆದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಕರುಳು ತಾನೇ ಚಲಿಸುತ್ತದೆ. ಆಗ ಕೈಗವಸು, ಜೆಲ್ಲಿ, ಬೆರಳನ್ನು ಒಳಗೆ ಅರ್ಧ ನಿಮಿಷ ಮೆಲ್ಲಗೆ ತಿರುಗಿಸಿ, ಐದ್ಹತ್ತು ನಿಮಿಷ ಬಿಟ್ಟು ಮತ್ತೆ. ಹುರಿಯ ತುದಿಗೇ ಪೆಟ್ಟಾಗಿ ಗುದ ಜೋಲಾದವರಿಗೆ ಈ ಪ್ರಚೋದನೆ ನಡೆಯದು, ದಿನಾ ಬೆರಳಿನಿಂದ ತೆಗೆಯಬೇಕು. ನಾಲ್ಕು ದಿನ ಕಟ್ಟಿ ಐದನೇ ದಿನ ನೀರಾಗಿ ಸೋರಿದರೆ ಅದು ಭೇದಿಯಲ್ಲ, ಗಟ್ಟಿ ಉಂಡೆಯ ಪಕ್ಕದಿಂದ ಒಸರುತ್ತಿರುವುದು. ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ಕೆಡುತ್ತದೆ.

ವರ್ಷಕ್ಕೊಮ್ಮೆ, ಬಿಸಿಲು ಏರುವ ಮುಂಚೆ ಫೆಬ್ರವರಿಯಲ್ಲಿ, ಕಿಡ್ನಿ ಮತ್ತು ಮೂತ್ರಕೋಶದ ಸ್ಕ್ಯಾನ್, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ), ಸಕ್ಕರೆ, ಕೊಬ್ಬು ನೋಡಿಸಿ. ಮಾಂಸ ಕರಗಿದ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಆದ್ದರಿಂದ 'ನಾರ್ಮಲ್' ಎಂದ ಚೀಟಿಯನ್ನು ಪೂರ್ತಿ ನಂಬಬೇಡಿ, ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡಲು ಹೇಳಿ. ಸಂಶಯ ಇದ್ದರೆ ಮಾಂಸದ ಪ್ರಮಾಣಕ್ಕೆ ಅಷ್ಟಾಗಿ ಬಗ್ಗದ ಸಿಸ್ಟಾಟಿನ್ ಸಿ ಪರೀಕ್ಷೆ ಕೇಳಿ. ಹಳೆಯ ಕಾಗದಗಳೆಲ್ಲ ಒಂದೇ ಚೀಲದಲ್ಲಿರಲಿ. ಕುಶನ್ ಮರೆಯದೆ ಒಯ್ಯಿರಿ, ಸ್ಕ್ಯಾನಿನ ಸರತಿಯಲ್ಲಿ ಕಬ್ಬಿಣದ ಸ್ಟ್ರೆಚರ್ ಮೇಲೆ ಮೂರು ತಾಸು ಮಲಗಿಸಿದರೆ ಹೊಸ ಹುಣ್ಣು ಹೊತ್ತು ಮನೆಗೆ ಬರಬೇಕಾದೀತು.